ಅಪ್ಪನ ಹಳದಿ ಹೆಲ್ಮೆಟ್

ಹಳೇ ಹೀರೋ ಇಂಪಲ್ಸ್ ತಂದು ಮನೆ ಮುಂದೆ ನಿಲ್ಲಿಸಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ಎತ್ತರದ ಗಾಡಿ ಮ್ಯಾಲೆ ನಾ ಹೆಂಗ ಹತ್ತಲಿ?" 2011ರಲ್ಲಿ ಬಂದ ಆ ಬೈಕನ್ನು ಕಂಪನಿ ಈಗ ತಯಾರಿಸುವುದಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತ್ತು. ಸಂಡೂರು ತಾಲ್ಲೂಕಿನ ಹಳ್ಳಿಗಳಿಗೆ ವರದಿಗೆ ಹೋಗಲು ಬೇಕು ಅನ್ನುವುದು ಮನೆಯಲ್ಲಿ ಹೇಳಿದ ಕಾರಣ. ಭಾನುವಾರ ಗೆಳೆಯರ ಜೊತೆ ಕಚ್ಚಾ ರಸ್ತೆಯಲ್ಲಿ ಓಡಿಸಬೇಕು ಅನ್ನುವುದು ಹೇಳದೇ ಉಳಿಸಿಕೊಂಡ ಕಾರಣ. (ಕಾಡಿನೊಳಗೆ ಗಾಡಿ ನುಗ್ಗಿಸುವವರ ಪೈಕಿ ನಾವಲ್ಲ. ನಮ್ಮ ಗುಡ್ಡಗಳಿಗೆ ಆಗಿರುವ ಗಾಯ ಸಾಕು.)

ಮೂರನೇ ವಾರಕ್ಕೆ ಬಿದ್ದೆ. ಮಣ್ಣಿನಲ್ಲಲ್ಲ, ಡಾಂಬರಿನ ಮೇಲೆ. ತಾರಾನಗರ ದಾಟಿ ಸಂಡೂರಿಗೆ ಹೋಗುವ ದಾರಿಯ ಒಂದು ತಿರುವಿನಲ್ಲಿ ಲಾರಿಗಳಿಂದ ಉದುರಿದ ಅದಿರಿನ ಹರಳು ಹರಡಿಕೊಂಡಿತ್ತು. ವೇಗ 30 ದಾಟಿರಲಿಲ್ಲ. ಕಣದಲ್ಲಿ ಜೋಳದ ಕಾಳಿನ ಮೇಲೆ ಕಾಲಿಟ್ಟ ಹಾಗೆ ಮುಂದಿನ ಚಕ್ರ ಜಾರಿತು. ಮೊದಲು ಅಂಗೈ ನೆಲಕ್ಕೆ ತಾಗಿತು, ಆಮೇಲೆ ಮೊಣಕಾಲು, ಕೊನೆಗೆ ಗಾಡಿಯೇ ಕಣಕಾಲಿನ ಮೇಲೆ ಬಿತ್ತು. ತಲೆಗೆ ಪೆಟ್ಟಾಗಲಿಲ್ಲ. ಅದು ನನ್ನ ಅದೃಷ್ಟ, ಹೆಲ್ಮೆಟ್ಟಿನ ಪುಣ್ಯವಲ್ಲ. ಹಾಕಿಕೊಂಡಿದ್ದದ್ದು ಹೆದ್ದಾರಿ ಬದಿ ಕೊಡೆ ಕೆಳಗೆ ಮಾರುವ 200 ರೂಪಾಯಿಯ ಟೊಪ್ಪಿಗೆ.

ಅಂಗೈ ವಾಸಿಯಾಗುವವರೆಗೆ ಮೊಬೈಲಿನಲ್ಲಿ ಗೇರ್ ವಿಡಿಯೊ ನೋಡುವುದೇ ಕೆಲಸವಾಯಿತು. ಬೆಂಗಳೂರಿನ ಹುಡುಗರು ತೋರಿಸುವ ಒಂದು ಜೊತೆ ಮೋಟೋಕ್ರಾಸ್ ಬೂಟಿನ ಬೆಲೆ ನನ್ನ ಎರಡು ತಿಂಗಳ ಸಂಪಾದನೆ. ಆದರೂ ಒಂದು ವಿಷಯ ಕಲಿತೆ. ಮಣ್ಣಿನ ದಾರಿಯಲ್ಲಿ ಬೀಳುವುದು ಹೆಚ್ಚಾಗಿ ನಿಧಾನವಾಗಿಯೇ, ಆದರೆ ಪದೇ ಪದೇ. ಅದಕ್ಕೆ ಮೊಣಕಾಲು, ಕಣಕಾಲು, ಅಂಗೈ ಇವುಗಳ ಲೆಕ್ಕ ಮೊದಲು ಹಾಕಬೇಕು. ಅಂಗಡಿಯ ಗಟ್ಟಿ ಪ್ಲಾಸ್ಟಿಕ್ ನೀ ಗಾರ್ಡೆಲ್ಲ ಒಂದೇ ಅಲ್ಲ. ಒಳಗಿನ ಪ್ಯಾಡಿನ ಮೇಲೆ ಇಎನ್ 1621-1 ಎಂದು ಅಚ್ಚಾಗಿದೆಯೇ, ಲೆವೆಲ್ 1 ಇದೆಯೋ 2 ಇದೆಯೋ ನೋಡಬೇಕು. ಎರಡನೆಯದು ಪೆಟ್ಟಿನ ಬಲವನ್ನು ಮೈಗೆ ಇನ್ನೂ ಕಡಿಮೆ ದಾಟಿಸುತ್ತದೆ. ಅಚ್ಚೇ ಇಲ್ಲದಿದ್ದರೆ ಅದು ಬರೀ ಚೆಂದಕ್ಕೆ.

ಆದರೆ ತಲೆಯ ಮುಂದೆ ಉಳಿದದ್ದೆಲ್ಲ ಆಮೇಲಿನ ಮಾತು. 2015ರಲ್ಲಿ ಡಕಾರ್ ರ‍್ಯಾಲಿ ಪೂರ್ತಿಗೊಳಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. 2021ರ ಜನವರಿಯಲ್ಲಿ ಅದೇ ರ‍್ಯಾಲಿಯಲ್ಲಿ, ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧಿಯಿಂದ ಕೋಮಾದಲ್ಲಿಡಬೇಕಾಯಿತು. ಏರ್‌ಬ್ಯಾಗ್ ಜಾಕೆಟ್ ಕಡ್ಡಾಯವಾಗಿದ್ದ ವರ್ಷವದು. ಅಷ್ಟೆಲ್ಲ ಇದ್ದವರ ಗತಿಯೇ ಹಾಗಾದರೆ ನನ್ನ 200 ರೂಪಾಯಿಯ ಟೊಪ್ಪಿಗೆ ಯಾವ ಲೆಕ್ಕ?

ನಾಲ್ಕು ತಿಂಗಳು ಕೂಡಿಸಿ 9,000 ರೂಪಾಯಿ ಮಾಡಿಕೊಂಡು ಹೊಸಪೇಟೆಗೆ ಹೋದೆ. ಅಂಗಡಿಯವನು ಒಳ್ಳೆಯ ಮನುಷ್ಯ. ಹೆಲ್ಮೆಟ್ ಹಾಕಿಸಿ, ಪಟ್ಟಿ ಬಿಗಿದು, ಹಿಂಭಾಗದಿಂದ ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ನೋಡಿದ. "ಕಳಚಿ ಬಂದ್ರ ಸೈಜ್ ದೊಡ್ಡದು. ಗಲ್ಲ ಒತ್ತಬೇಕು, ಹಣೆ ನೋಯಬಾರದು" ಅಂದ. ಒಳಗಿನ ಥರ್ಮೋಕೋಲ್ ತಾನು ಅಪ್ಪಚ್ಚಿಯಾಗಿ ಪೆಟ್ಟು ನುಂಗುತ್ತದೆ, ಹಾಗಾಗಿ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಎಸೆಯಬೇಕು ಅಂತಲೂ ಹೇಳಿದ. ಐಎಸ್‌ಐ ಗುರುತಿನ ಕೆಳಗೆ ಐಎಸ್ 4151 ಇರುವುದನ್ನು ತೋರಿಸಿದ. ಅದು ದ್ವಿಚಕ್ರ ವಾಹನದ ಹೆಲ್ಮೆಟ್ಟಿನ ಸಂಖ್ಯೆ.

ಆ ಸಂಖ್ಯೆ ನೋಡುತ್ತಿದ್ದಾಗ ಅಪ್ಪ ನೆನಪಾದ.

ಅಪ್ಪ ಗುತ್ತಿಗೆ ಕೆಲಸಗಾರ. ಬೆಳಗಿನ ಪಾಳಿಗೆ ಐದು ಗಂಟೆಗೆ ಎಕ್ಸೆಲ್ ಗಾಡಿ ಹತ್ತಿ ಲಾರಿಗಳ ಸಾಲಿನ ನಡುವೆ ಹೋಗುತ್ತಾನೆ. ತಲೆ ಮೇಲೆ ಕೆಲಸದ ಜಾಗದ ಹಳದಿ ಹೆಲ್ಮೆಟ್. ನಮ್ಮೂರಿನಲ್ಲಿ ಅದು ಎಷ್ಟು ಸಾಮಾನ್ಯವೆಂದರೆ ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಅದರ ಮೇಲೂ ಐಎಸ್‌ಐ ಗುರುತಿದೆ, ಆದರೆ ಸಂಖ್ಯೆ ಐಎಸ್ 2925. ಮೇಲಿನಿಂದ ಬೋಲ್ಟೋ ಕಲ್ಲೋ ಬಿದ್ದರೆ ತಡೆಯಲು ಮಾಡಿದ್ದು. ರಸ್ತೆಗೆ ಬಿದ್ದರೆ ತಲೆಗಿಂತ ಮೊದಲು ಅದೇ ಹಾರಿಹೋಗುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. "ಇದಕೂ ಹೆಲ್ಮೆಟ್ಟೇ ಅಂತಾರಪಾ" ಅಂದ. ಬಿಡಲಿಲ್ಲ. ತಕರಾರುಗಳು ಒಂದೊಂದಾಗಿ ಹೊರಬಂದವು. ಪೂರ್ತಿ ಮುಚ್ಚಿದ್ದು ಹಾಕಿದರೆ ಬೇಸಿಗೆಯಲ್ಲಿ ತಲೆ ಬೇಯುತ್ತದೆ. ಲಾರಿ ಹಾರನ್ ಕೇಳಿಸುವುದಿಲ್ಲ. ಗಾಡಿಗೆ ಸಿಕ್ಕಿಸಿ ಹೋದರೆ ಸಂಜೆಗೆ ಇರುವುದಿಲ್ಲ. ಒಂದೂ ಸುಳ್ಳಲ್ಲ. ಗೇರ್ ವಿಡಿಯೊಗಳಲ್ಲಿ ಈ ಮೂರಕ್ಕೂ ಉತ್ತರ ಇರಲಿಲ್ಲ. ಕೊನೆಗೆ ಅಪ್ಪನ ಬಾಯಿಂದ ಬಂದದ್ದು ನಿಜವಾದ ಕಾರಣ: "ಎರಡು ಎರಡು ಯಾಕ ಹೊರಬೇಕು?"

ಮುಂದಿನ ವಾರ ಅವನನ್ನೇ ಕರೆದುಕೊಂಡು ಹೋದೆ. ಮುಖ ತೆರೆದ, ಕಿವಿ ಮುಚ್ಚುವ, ವೈಸರ್ ಇರುವ ಹೆಲ್ಮೆಟ್ಟಿಗೆ ಒಪ್ಪಿದ. ಗದ್ದಕ್ಕೆ ರಕ್ಷಣೆ ಇಲ್ಲ ಎಂಬುದು ನನಗೆ ಗೊತ್ತು. ಆದರೆ ಮೂಲೆಯಲ್ಲಿ ಬಿದ್ದಿರುವ ಫುಲ್ ಫೇಸಿಗಿಂತ ದಿನಾ ತಲೆ ಮೇಲಿರುವುದು ಮೇಲು ಅಂದುಕೊಂಡೆ. ಗಾಡಿಗೆ ಬಿಗಿಯಲು ಒಂದು ಕೇಬಲ್ ಬೀಗವನ್ನೂ ಕೊಂಡೆವು. ಉಳಿದ ದುಡ್ಡಿನಲ್ಲಿ ನನಗೆ ಫುಲ್ ಫೇಸ್ ಹೆಲ್ಮೆಟ್, ಗ್ಲೌಸು, ನೀ ಗಾರ್ಡ್ ಬಂತು. ಮೆಷ್ ಜಾಕೆಟ್ಟು, ಬೂಟು ಪಟ್ಟಿಯಲ್ಲೇ ಉಳಿದವು.

ದೂಳಿನ ವಿಚಾರ ಒಂದಿದೆ. ನಮ್ಮ ಕಡೆಯ ಕೆಂಪು ದೂಳು ಬರೀ ಮಣ್ಣಲ್ಲ, ಅದಿರಿನ ಪುಡಿ. ವೈಸರನ್ನು ಒಣಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ರಾತ್ರಿ ಎದುರಿನ ಲಾರಿಯ ಹೆಡ್‌ಲೈಟ್ ಆ ಗೀರುಗಳ ಮೇಲೆ ಚದುರಿ ಕಣ್ಣಿಗೆ ಏನೂ ಕಾಣುವುದಿಲ್ಲ. ನೀರು ಸುರಿದು ತೊಳೆಯಬೇಕು. ಇದನ್ನು ಅಪ್ಪನಿಗೆ ಹೇಳಿಕೊಡುವ ಮೊದಲೇ ಅವನು ಟವೆಲಿನಿಂದ ಒಮ್ಮೆ ಒರೆಸಿ ಆಗಿತ್ತು.

ಈಗ ಎಕ್ಸೆಲ್ಲಿನ ಕೊಕ್ಕೆಗೆ ಹಳದಿ ಹೆಲ್ಮೆಟ್ ನೇತಾಡುತ್ತಿರುತ್ತದೆ, ತಲೆ ಮೇಲೆ ಹೊಸದು. ಬಿಚ್ಚಿ ತೆಗೆಯಬಹುದಾದ ಒಳಬಟ್ಟೆಯನ್ನು ಅವ್ವ ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಿಕ್ಕುತ್ತಾಳೆ. ನೀರು ಕೆಂಪಗೆ ಹರಿಯುತ್ತದೆ. ನಾನು ಬೂಟಿಗೆ ದುಡ್ಡು ಕೂಡಿಸುತ್ತಿದ್ದೇನೆ. ಅಲ್ಲಿಯವರೆಗೆ ಅಪ್ಪನ ಹಳೇ ಸೇಫ್ಟಿ ಶೂ. ಕಣಕಾಲು ಮುಚ್ಚುವುದಿಲ್ಲ, ಮುಂದಿನ ಉಕ್ಕಿನ ಟೋಪಿ ಗೇರ್ ಲಿವರಿನ ಕೆಳಗೆ ಸರಿಯಾಗಿ ತೂರುವುದೂ ಇಲ್ಲ.