ಸೈನ್ಯದ ಊಟದ ಲೆಕ್ಕ

ಸ್ಟ್ರಾಟೆಜಿ ಆಟಗಳಲ್ಲಿ ಒಂದು ಚಕ್ರವಿದೆ. ಚಿನ್ನ ಬಂದಷ್ಟೂ ಸೈನಿಕರು, ಸೈನಿಕರು ಹೆಚ್ಚಿದಷ್ಟೂ ನೆಲ, ನೆಲ ಸಿಕ್ಕಷ್ಟೂ ಚಿನ್ನ. ಇದು ಒಬ್ಬನ ಕಡೆಗೆ ತಿರುಗತೊಡಗಿತೆಂದರೆ ಆಟ ಮುಗಿದ ಹಾಗೆಯೇ. ಮಿಕ್ಕ ಅರ್ಧ ಗಂಟೆ ಇನ್ನೊಬ್ಬನ ಪಾಲಿಗೆ ಬರೀ ಶಿಕ್ಷೆ. ಗೆಳೆಯರ ಜೊತೆ ಆಡುವಾಗ ನಾನು ಹೆಚ್ಚಾಗಿ ಆ ಇನ್ನೊಬ್ಬನೇ ಆಗಿರುತ್ತಿದ್ದೆ. ಹಾಗಾಗಿ ಈ ಚಕ್ರಕ್ಕೆ ಬ್ರೇಕ್ ಹಾಕುವ ನಿಯಮಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಪ್ರೀತಿ.

1999ರ ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಅಂಥ ಬ್ರೇಕ್ ಇಲ್ಲ. ಸೈನಿಕನಿಗೆ ಒಮ್ಮೆ ಬೆಲೆ ಕೊಟ್ಟರೆ ಆಯಿತು, ಆಮೇಲೆ ಅವನು ಊಟ ಕೇಳುವುದಿಲ್ಲ. ಜನಸಂಖ್ಯೆಯ ಮಿತಿಯೊಂದೇ ಅಲ್ಲಿನ ಕಡಿವಾಣ. 2002ರಲ್ಲಿ ಬಂದ ‘ವಾರ್‌ಕ್ರಾಫ್ಟ್ 3’ ಬೇರೆ ದಾರಿ ಹಿಡಿಯಿತು. ಅದು ‘ಅಪ್‌ಕೀಪ್’ ಎಂಬ ಹೆಸರಿನಲ್ಲಿ ಸೈನ್ಯ ಸಾಕುವ ಖರ್ಚನ್ನು ಆದಾಯದಲ್ಲೇ ಮುರಿದುಕೊಂಡಿತು. ಮರುವರ್ಷದ ‘ಫ್ರೋಜನ್ ಥ್ರೋನ್’ ವಿಸ್ತರಣೆಯಲ್ಲಿ ಲೆಕ್ಕ ಹೀಗಿದೆ: ಕೆಲಸಗಾರರೂ ಸೇರಿ ನಿಮ್ಮವರ ಆಹಾರದ ಬಳಕೆ 50ರೊಳಗಿದ್ದರೆ, ಗಣಿಯಿಂದ ಪ್ರತಿ ಸಲ ಬರುವ 10 ಚಿನ್ನವೂ ನಿಮ್ಮದೇ. 51 ಆದೊಡನೆ ಕೈಗೆ ಸಿಗುವುದು 7. 80 ದಾಟಿದರೆ ಬರೀ 4. ಗಣಿ ಮಾತ್ರ ಪ್ರತಿ ಸಲ 10ನ್ನೇ ಕಳೆದುಕೊಳ್ಳುತ್ತದೆ.

ಇದರ ಪರಿಣಾಮ ಸೂಕ್ಷ್ಮವಾದದ್ದು. ಒಂದು ಕದನದಲ್ಲಿ ಅರ್ಧ ಸೈನ್ಯ ಕಳೆದುಕೊಂಡವನಿಗೆ ಮರುಕ್ಷಣದಿಂದ ಪೂರ್ತಿ ಆದಾಯ. ಗೆದ್ದು 70ರಲ್ಲಿ ನಿಂತವನಿಗೆ ಕಡಿಮೆ. ಸೋತವನಿಗೆ ಉಸಿರು ತಿರುಗಿಸಿಕೊಳ್ಳಲು ಒಂದಿಷ್ಟು ಹೊತ್ತು ಸಿಗುತ್ತದೆ. ನುರಿತ ಆಟಗಾರರು ಬಹಳ ಹೊತ್ತು 50ರಲ್ಲೇ ನಿಂತು ಚಿನ್ನ ಕೂಡಿಡುತ್ತಾರೆ, ನಿರ್ಣಾಯಕ ಕದನಕ್ಕೆ ಮುಂಚೆಯಷ್ಟೇ ಗೆರೆ ದಾಟುತ್ತಾರೆ.

ಗೆದ್ದವನಿಗೆ ತೆರಿಗೆ ಹಾಕುವುದು ಯಾವ ನ್ಯಾಯ ಎಂದು ಗೆಳೆಯರು ಜಗಳವಾಡುತ್ತಿದ್ದರು. ಅವರ ಮಾತಿನಲ್ಲೂ ಹುರುಳಿದೆ. ಈ ನಿಯಮದಿಂದಾಗಿ ಮಹಾಯುದ್ಧಗಳು ಅಪರೂಪವಾಗಿ, ಆಟ ಸಣ್ಣ ಚಕಮಕಿಗಳಲ್ಲೇ ಸಾಗುತ್ತದೆ. ಆದರೆ ನಿಯಮ ಗೆಲುವನ್ನು ಕಿತ್ತುಕೊಳ್ಳುವುದಿಲ್ಲ, ಅದಕ್ಕೊಂದು ಗಡುವು ಕೊಡುತ್ತದೆ ಅಷ್ಟೆ. ದೊಡ್ಡ ಸೈನ್ಯವಿದ್ದರೆ ಬೇಗ ಬಳಸು. ಸುಮ್ಮನೆ ನಿಲ್ಲಿಸಿಕೊಂಡರೆ ಅದು ನಿನ್ನನ್ನೇ ತಿನ್ನುತ್ತದೆ.

ಉಚಿತವಾಗಿ ಸಿಗುವ ‘ಬ್ಯಾಟಲ್ ಫಾರ್ ವೆಸ್ನೋತ್’ನ ಲೆಕ್ಕ ನನಗೆ ಇನ್ನೂ ಇಷ್ಟ. ಅಲ್ಲಿ ಸೈನಿಕನ ಮಟ್ಟ ಎಷ್ಟೋ ಪ್ರತಿ ಸರದಿಗೆ ಅವನ ಖರ್ಚೂ ಅಷ್ಟು. ನೀವು ಹಿಡಿದ ಒಂದೊಂದು ಹಳ್ಳಿಯೂ ಒಂದು ಮಟ್ಟದ ಖರ್ಚನ್ನು ಹೊರುತ್ತದೆ. ಅನುಭವದಿಂದ ಬೆಳೆದ ಮೂರನೇ ಮಟ್ಟದ ಯೋಧನನ್ನು ಸಾಕಲು ಮೂರು ಹಳ್ಳಿ ಬೇಕು. ‘ನಿಷ್ಠ’ ಎಂಬ ಗುಣವಿರುವ ಕೆಲವರು ಮಾತ್ರ ಏನೂ ಕೇಳುವುದಿಲ್ಲ. ಅಂಥವನೊಬ್ಬ ಸತ್ತಾಗ ಹೊಟ್ಟೆ ಚುರುಕ್ಕೆನ್ನುತ್ತದೆ.

ಸೈನ್ಯಕ್ಕೆ ಬೊಕ್ಕಸವೇ ಬೇರು ಎಂಬುದು ಕೌಟಿಲ್ಯನ ಅರ್ಥಶಾಸ್ತ್ರದಷ್ಟು ಹಳೆಯ ಮಾತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಅದರ ಹಸ್ತಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದರು. ಅದೇ ಮೈಸೂರು ಆ ಮಾತಿನ ಇನ್ನೊಂದು ಮುಖವನ್ನೂ ಕಂಡಿತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಆದ ಒಪ್ಪಂದದಂತೆ, ಕಂಪನಿಯ ಸೈನ್ಯದ ಖರ್ಚಿಗೆಂದು ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ ಕೊಡಬೇಕಾಯಿತು. ಆಟದಲ್ಲಿ ನಾವು ಸಾಕಿದ ಸೈನ್ಯ ನಮ್ಮ ಮಾತು ಕೇಳುತ್ತದೆ. ಇಲ್ಲಿ ಊಟ ಮೈಸೂರಿನದು, ಅಪ್ಪಣೆ ಕಂಪನಿಯದು.

ಇದನ್ನೆಲ್ಲ ಓದಿದ ಮೇಲೆ ಆಟದಲ್ಲಿ ನನ್ನ ಕಣ್ಣು ಸೈನಿಕರನ್ನು ಬಿಟ್ಟು ಗಣಿಯ ಕೆಲಸಗಾರನ ಮೇಲೆ ನಿಲ್ಲುತ್ತದೆ. 50ರ ಗೆರೆ ದಾಟಿದ ಮೇಲೂ ಅವನು ಮೊದಲಿನಷ್ಟೇ ದೂರ ನಡೆಯುತ್ತಾನೆ, ಮೊದಲಿನಷ್ಟೇ ಚಿನ್ನ ಅಗೆಯುತ್ತಾನೆ. ಅದರಲ್ಲಿ 7 ಮಾತ್ರ ಮನೆ ಸೇರುತ್ತದೆ. ಸೈನ್ಯ ಎಷ್ಟು ದೊಡ್ಡದಿರಬೇಕೆಂದು ಅವನನ್ನು ಯಾರೂ ಕೇಳಿರುವುದಿಲ್ಲ.