ಆ ಗಾಡಿ ಕೆಟ್ರೆ ರಿಪೇರಿ ಯಾರಣ್ಣ ಮಾಡೋದು?

ಪೋಸ್ಟ್ ಸ್ವಲ್ಪ ಉದ್ದ ಇದೆ. ಮನೆಯಲ್ಲಿ ಐಟಿಐ ಓದಿದ ಮಕ್ಕಳಿದ್ದರೆ ಪೂರ್ತಿ ಓದಿ.

ನಮ್ಮ ಬನ್ನೂರಿನ ಕೇರಿಯ ಹುಡುಗನೊಬ್ಬ ಡೀಸೆಲ್ ಮೆಕ್ಯಾನಿಕ್. ಒಂದು ದಿನ ಮೊಬೈಲಿನಲ್ಲಿ ಅಂಟಾರ್ಕ್ಟಿಕಾದ ವಿಡಿಯೊ ತೋರಿಸಿದ. ಹಿಮದ ಮೇಲೆ ಓಡೋ ಚೈನ್ ಗಾಡಿ. "ಇದು ಕೆಟ್ರೆ ರಿಪೇರಿ ಯಾರಣ್ಣ ಮಾಡೋದು?" ಅಂದ. ಎಲ್ಲರೂ ಪೆಂಗ್ವಿನ್ ನೋಡ್ತಾರೆ, ಇವನು ಇಂಜಿನ್ ನೋಡಿದ್ದ.

ಹುಡುಕಿದೆ. ಅಲ್ಲಿ ಭಾರತದ ಎರಡು ಕೇಂದ್ರಗಳಿವೆ. 1989ರ ಮೈತ್ರಿ, 2012ರ ಭಾರತಿ. ನಡೆಸೋದು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ವಿಜ್ಞಾನಿಗಳ ಜೊತೆ ವೆಲ್ಡರ್, ಎಲೆಕ್ಟ್ರಿಷಿಯನ್, ಅಡುಗೆಯವರು, ಮೆಕ್ಯಾನಿಕ್ ಎಲ್ಲರೂ ಬೇಕು. ಗುತ್ತಿಗೆ ಕೆಲಸ, ಗೋವಾದಲ್ಲಿ ನೇರ ಸಂದರ್ಶನ. ಪಾಸಾದರೆ ದೆಹಲಿ ಏಮ್ಸ್‌ನಲ್ಲಿ ವೈದ್ಯಕೀಯ ತಪಾಸಣೆ, ಔಲಿಯ ಹಿಮದಲ್ಲಿ ತರಬೇತಿ. ಇಸ್ರೋದ ಮಂಗಳಾ ಮಣಿ 56ನೇ ವಯಸ್ಸಿನಲ್ಲಿ ಭಾರತಿಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದು ಬಂದರು. ಇವನಿಗಿನ್ನೂ 27.

ಐಟಿಐ ಸರ್ಟಿಫಿಕೇಟ್ ಇತ್ತು. ಅನುಭವ ಪತ್ರ ಬೇಕು ಅಂದಾಗ ಸಿಕ್ಕಿಹಾಕಿಕೊಂಡೆವು. ಒಂದೇ ಗ್ಯಾರೇಜಿನಲ್ಲಿ ಆರು ವರ್ಷ ಟ್ರ್ಯಾಕ್ಟರ್ ಬಿಚ್ಚಿದ್ದಾನೆ, ವಾರಕ್ಕೊಮ್ಮೆ ಕೈಗೆ ಕಾಸು. ಹಾಜರಿ ಪುಸ್ತಕ ಇಲ್ಲ, ಪಿಎಫ್ ಇಲ್ಲ. ಮಾಲೀಕ ಹೇಳಿದ್ದು: "ಇವತ್ತು ಲೆಟರ್‌ಹೆಡ್ ಕೊಟ್ರೆ ನಾಳೆ ಪಿಎಫ್ ಕೇಳ್ತೀಯ." ಆರು ವರ್ಷ ಅವನ ಕೈಯಲ್ಲಿ ಮಾಡಿಸಿದ ಕೆಲಸಕ್ಕೆ ಒಂದು ಸಾಲು ಬರೆಯೋಕೆ ಆಗಲಿಲ್ಲ!

ನಾನು ಕಚೇರಿಯಲ್ಲಿ ದಿನಾ ಇಂಥ ಕಾಗದ ಟೈಪ್ ಮಾಡೋನು. ಒಕ್ಕಣೆ ನಾನೇ ಬರೆದೆ. ಸಂಘದ ಮೂವರು ಗ್ಯಾರೇಜಿಗೆ ಹೋಗಿ ಕೂತೆವು. ಮೂರನೇ ದಿನ ಸಹಿ, ಸೀಲು ಬಿತ್ತು. ಆರು ವರ್ಷ ಅನ್ನೋದನ್ನ ಹೊಡೆದು ಎರಡು ವರ್ಷ ಅಂತ ಬರೆಸಿದ. ಅರ್ಜಿಗೆ ಅಷ್ಟು ಸಾಕಿತ್ತು.

ಇನ್ನೊಂದು ಮಾತು. 45 ದಿನ ಅಥವಾ ಅದಕ್ಕಿಂತ ಹೆಚ್ಚಿನ ತಾತ್ಕಾಲಿಕ ನೇಮಕಾತಿಗೂ ಮೀಸಲಾತಿ ಇದೆ ಅಂತ ಕೇಂದ್ರದ ಸಿಬ್ಬಂದಿ ಇಲಾಖೆ 2022ರ ನವೆಂಬರಿನಲ್ಲಿ ಮತ್ತೆ ಹೇಳಿದೆ. ಯಾವುದೇ ಕೇಂದ್ರ ಸರ್ಕಾರದ ಜಾಹೀರಾತು ನೋಡಿದರೂ ಆ ಕಲಂ ಹುಡುಕಿ. ಜಾತಿ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿ ಮಾಡಿಸಿಟ್ಟುಕೊಳ್ಳಿ.

ಸಂಘದಲ್ಲಿ ಚಂದಾ ಎತ್ತಿ ಗೋವಾಕ್ಕೆ ಕಳಿಸಿದೆವು. ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟನಂತೆ. ವಿಪರೀತ ಚಳಿಯಲ್ಲಿ ಇಂಜಿನ್ ಯಾಕೆ ಸ್ಟಾರ್ಟ್ ಆಗಲ್ಲ ಅಂತ ಕೇಳಿದರಂತೆ. ಡೀಸೆಲ್ಲಿನಲ್ಲಿರೋ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತೆ, ಬ್ಯಾಟರಿ ಬಲ ಕುಗ್ಗುತ್ತೆ, ಆಯಿಲ್ ಮಂದ ಆಗುತ್ತೆ ಅಂದನಂತೆ. "ಕೇಳಿದ್ದಕ್ಕೆಲ್ಲ ಹೇಳ್ದೆ ಕಣಣ್ಣ, ಕೈ ಮಾತ್ರ ನಡುಗ್ತಿತ್ತು" ಅಂದ ಫೋನಿನಲ್ಲಿ.

ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಮುಂದಿನ ಸಲಕ್ಕೆ ಹೈಡ್ರಾಲಿಕ್ಸ್ ಕಲೀತಿದ್ದಾನೆ. ಹಳೇ ಗ್ಯಾರೇಜ್ ಬಿಟ್ಟ. ಮೈಸೂರಿನಲ್ಲಿ ಹೊಸ ಕೆಲಸಕ್ಕೆ ಸೇರುವಾಗ ಮೊದಲ ದಿನವೇ ನೇಮಕಾತಿ ಪತ್ರ ಕೇಳಿದ್ದಾನೆ. ಕೊಟ್ಟಿದ್ದಾರೆ, ಫೋಟೊ ಕಳಿಸಿದ.

ಅರ್ಜಿ ಬರೆಯೋಕೆ ಯಾರಿಗಾದರೂ ಸಹಾಯ ಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಭಾನುವಾರ ಬಿಡುವಾಗಿರ್ತೀನಿ.