ತಾಟಿನ ಊಟ, ನೆಲದ ಲೆಕ್ಕ

ಗಡಿನಾಡಿನ ನಾವು ಬರಗಾಲದ ಬಗ್ಗೆ, ಭೀಮೆಯ ನೀರಿನ ಬಗ್ಗೆ, ಕನ್ನಡ ಶಾಲೆಗಳ ಬಗ್ಗೆ ತಾಸುಗಟ್ಟಲೆ ಚರ್ಚಿಸುತ್ತೇವೆ. ಪಕ್ಕದವರ ತಾಟಿನಲ್ಲಿ ಏನಿದೆ ಎಂಬ ಮಾತು ಬಂದೊಡನೆ ಸುಮ್ಮನಾಗುತ್ತೇವೆ. ಈ ಮೌನಕ್ಕೆ ಕಾರಣವುಂಟು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ತುಳಸಿಮಾಲೆ ಧರಿಸಿ ಮಾಂಸ ತ್ಯಜಿಸಿದ ವಾರಕರಿಗಳು, ಇಷ್ಟಲಿಂಗಧಾರಿಗಳು, ಹುಲಜಂತಿಯ ಮಾಳಿಂಗರಾಯನಿಗೆ ಭಂಡಾರ ಹಾರಿಸುವ ಕುರಿಗಾರರು, ಮುಸಲ್ಮಾನರು ಎಲ್ಲರೂ ಕೂಡಿ ಬಾಳಿದ್ದೇವೆ. ಒಬ್ಬರ ಊಟವನ್ನು ಮತ್ತೊಬ್ಬರು ತೂಗದಿರುವುದೇ ಇಲ್ಲಿನ ಸೌಜನ್ಯ.

ಆದರೆ ಮಾಂಸಾಹಾರವು ಪರಿಸರದ ಮೇಲೆ ಹೊರಿಸುವ ಭಾರದ ಮಾತು ಈಗ ನಮ್ಮ ಮನೆಗಳಿಗೂ ಬಂದಿದೆ. ಮಕ್ಕಳು ಓದಿಕೊಂಡು ಬಂದು ಕೇಳುತ್ತಾರೆ. ಮನುಷ್ಯನ ಚಟುವಟಿಕೆಗಳಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಶೇಕಡಾ 14.5ರಷ್ಟು ಪಶುಸಂಗೋಪನೆಯ ಪಾಲೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅಂದಾಜು ಮಾಡಿತು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೇವು ಹುದುಗುವಾಗ ಮೀಥೇನ್ ಹುಟ್ಟಿ ತೇಗಿನೊಡನೆ ಹೊರಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ದಕ್ಷಿಣ ಅಮೆರಿಕದಲ್ಲಿ ದನಗಳ ಹುಲ್ಲುಗಾವಲಿಗಾಗಿ, ಸೋಯಾಬೀನಿಗಾಗಿ ಕಾಡು ಕಡಿದದ್ದೂ ಸುಳ್ಳಲ್ಲ.

ಇದನ್ನು ಕೇಳಿ ನಮ್ಮಲ್ಲಿ ಮಾಂಸ ಮುಟ್ಟದವರು 'ನಾವಂತೂ ನಿರ್ದೋಷಿಗಳು' ಎಂದು ನೆಮ್ಮದಿಪಡುವುದುಂಟು. ಆ ನೆಮ್ಮದಿ ಅವಸರದ್ದು. ಪಶುಸಂಗೋಪನೆಯ ಅನಿಲಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ದನಗಳದ್ದು. ಅದರಲ್ಲಿ ಮಾಂಸದಂತೆ ಹಾಲೂ ಸೇರಿದೆ. 2019ರ ಗಣತಿಯಂತೆ ನಮ್ಮ ದೇಶದಲ್ಲಿ ದನ-ಎಮ್ಮೆಗಳು ಸುಮಾರು 30 ಕೋಟಿ, ಕುರಿಗಳು ಸುಮಾರು 7.4 ಕೋಟಿ. ನಮ್ಮ ಚಹಾ, ಮೊಸರು, ಹೋಳಿಗೆಯ ಮೇಲಿನ ತುಪ್ಪ ಇವೆಲ್ಲವೂ ಆ ಲೆಕ್ಕದಲ್ಲಿ ಬರುತ್ತವೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕಬ್ಬಿಗೆ ಹರಿದ ಉಜನಿಯ ನೀರನ್ನು ನೆನೆದರೆ, ಸಕ್ಕರೆಯ ಡಬ್ಬಿಯೂ ನಿರ್ದೋಷಿಯಲ್ಲ.

ಮಾಂಸವೆಲ್ಲವೂ ಒಂದೇ ಬಗೆಯದಲ್ಲ. ಜತ್ತ ತಾಲೂಕಿನ ಮಾಡಗ್ಯಾಳದ ಹೆಸರನ್ನೇ ಹೊತ್ತ, ಬಾಗಿದ ಮೂಗಿನ ಎತ್ತರದ ಕುರಿಗಳನ್ನು ನಾವೆಲ್ಲ ಬಲ್ಲೆವು. ಸುಗ್ಗಿ ಮುಗಿದ ಹೊಲದ ಕೂಳೆ, ಬೀಳುನೆಲದ ಹುಲ್ಲು, ಜಾಲಿಯ ಕಾಯಿ ಅವುಗಳ ಮೇವು. ಮನುಷ್ಯ ತಿನ್ನಲಾರದ್ದನ್ನು ತಿಂದು ಅವು ಬೆಳೆಯುತ್ತವೆ. ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಂಡ ರೈತ ಕುರಿಗಾರನಿಗೆ ಕಾಳುಕಡಿ ಕೊಡುತ್ತಿದ್ದ. ಹಿಕ್ಕೆಯ ಗೊಬ್ಬರದಿಂದ ಮುಂದಿನ ಹಿಂಗಾರಿ ಜೋಳ ತೆನೆ ತುಂಬುತ್ತಿತ್ತು. ಇನ್ನೊಂದು ಕಡೆ ಫಾರ್ಮಿನ ಕೋಳಿ. ಸುಮಾರು ಆರು ವಾರದಲ್ಲಿ ಎರಡು ಕಿಲೋ ತೂಗಲು ಅದು ಮೂರು ಕಿಲೋಗೂ ಮಿಕ್ಕಿ ಆಹಾರ ತಿನ್ನುತ್ತದೆ. ಅದರ ಬಹುಪಾಲು ಗೋವಿನಜೋಳ ಮತ್ತು ಸೋಯಾ ಹಿಂಡಿ, ಅಂದರೆ ಉತ್ತ ನೆಲ, ಹಾಕಿದ ಗೊಬ್ಬರ, ಸಾಗಿಸಿದ ಲಾರಿ.

ಹಾಗೆಂದು ಕುರಿಯನ್ನು ಪೂಜಿಸಿ, ಕೋಳಿಯನ್ನು ದೂರಿ ಮುಗಿಸುವಂತಿಲ್ಲ. ಕಿಲೋ ಮಾಂಸಕ್ಕೆ ಹೊಮ್ಮುವ ಅನಿಲವನ್ನಷ್ಟೇ ಎಣಿಸಿದರೆ ಕುರಿಯೇ ಕೋಳಿಗಿಂತ ಭಾರ. ಮಿತಿಮೀರಿ ಮೇಯಿಸಿದರೆ ಮಾಳದ ಹುಲ್ಲು ಮತ್ತೆ ಚಿಗುರದು. ಹುಲ್ಲುಗಾವಲನ್ನು ನಂಬಿದ ಮಾಳಢೋಕ ಹಕ್ಕಿಗೂ ಕೃಷ್ಣಮೃಗಕ್ಕೂ ಅದರಿಂದ ಹಾನಿ. ಭೂಮಿಯ ಲೆಕ್ಕಕ್ಕೆ ಹಲವು ಕಾಲಂಗಳಿವೆ: ಗಾಳಿ, ನೀರು, ನೆಲ, ಮೇವು. ಒಂದನ್ನೇ ನೋಡಿ ತೀರ್ಪು ಕೊಡುವುದು ಅರಿವಲ್ಲ.

ನಮ್ಮ ಆತಂಕ ಇಲ್ಲಿಯೇ ಇದೆ. ಊಟದ ಮೇಲಿನಿಂದ ಮನುಷ್ಯರನ್ನು ಮೇಲು-ಕೀಳೆಂದು ವಿಂಗಡಿಸಿದ ಹಳೆಯ ರೋಗ ನಮ್ಮ ಸಮಾಜದಿಂದ ಪೂರ್ತಿ ಹೋಗಿಲ್ಲ. ಪರಿಸರದ ಹೊಸ ಮಾತು ಆ ಹಳೆಯ ಮಡಿಗೆ ಹೊದಿಕೆಯಾದರೆ ಕುರಿಗಾರನ ಮಗ ಅದನ್ನು ಕಿವಿಗೆ ಹಾಕಿಕೊಳ್ಳುವನೇ? ಅವಮಾನವೆಂದು ಕೇಳಿಸಿದ ಮಾತು ತಿಳಿವಳಿಕೆಯಾಗಿ ಇಳಿಯದು. ನಿಜವಾದ ಅಂಕಿಗಳೂ ಆಗ ವ್ಯರ್ಥವಾಗುತ್ತವೆ.

ಆದ್ದರಿಂದ 'ತಿನ್ನುವಿರೋ, ಇಲ್ಲವೋ' ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಎಲ್ಲರನ್ನೂ ಸಮನಾಗಿ ಮುಟ್ಟುವ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳಬೇಕು. ಎಷ್ಟು ತಿನ್ನುತ್ತೇವೆ? ಅದು ಏನನ್ನು ಮೇಯ್ದು, ಯಾರ ನೀರು ಕುಡಿದು ಬೆಳೆಯಿತು? ಎಷ್ಟನ್ನು ಚೆಲ್ಲುತ್ತೇವೆ? ಜಾತ್ರೆಗೆ, ಬೀಗರು ಬಂದಾಗ ಆಗುತ್ತಿದ್ದ ಬಾಡೂಟವು ಎಷ್ಟೋ ಮನೆಗಳಲ್ಲಿ ವಾರದ ರೂಢಿಯಾಗಿದೆ. ಹಬ್ಬದ ತುಪ್ಪ, ಸಕ್ಕರೆಗಳೂ ನಿತ್ಯದವಾಗಿವೆ. ಎರಡೂ ಕಡೆ ಕೈ ತುಸು ಹಿಡಿಯಲು ಅವಕಾಶವಿದೆ. ಹುರುಳಿ, ಮಡಕಿ, ಕಡಲೆ, ಅಗಸೆಗಳು ಕಡಿಮೆ ನೀರಿನಲ್ಲಿ ನಮ್ಮ ನೆಲದಲ್ಲೇ ಬೆಳೆದು ಬಂದಿವೆ. ಅವು ಮತ್ತೆ ನಮ್ಮ ತಾಟಿನ ನಡುವಿಗೆ ಬರಲಿ.

ಸಂಘದ ಗೋಷ್ಠಿಗಳಲ್ಲಿ ಈ ಮಾತು ಕನ್ನಡದಲ್ಲೇ ನಡೆಯಲಿ. ವಿಜ್ಞಾನದ ಅಧ್ಯಾಪಕರ ಪಕ್ಕದಲ್ಲಿ ಕುರಿ ಕಾಯುವವರೂ ಹೈನು ಸಾಕುವ ತಾಯಂದಿರೂ ಕುಳಿತು ಮಾತನಾಡಲಿ. ನೆಲದ ಕಷ್ಟ ಅವರಿಗೆ ನಮಗಿಂತ ಮೊದಲು ತಿಳಿಯುತ್ತದೆ.